ಖದಾನಿನ ಬಾವಿ, ಮಲ್ಲವ್ವನ ಉಡಿ

ಭಾಂಡುಪ್ ಸ್ಟೇಷನ್ನಿನಿಂದ ಶೇರ್ ರಿಕ್ಷಾ ಹತ್ತಿದರೆ ಅದು ಗುಡ್ಡದ ಬುಡದಲ್ಲಿ ಇಳಿಸಿ, ಇನ್ನು ನಿಮ್ಮ ಪುಣ್ಯ ಎಂಬಂತೆ ತಿರುಗಿ ಹೊರಟುಹೋಗುತ್ತದೆ. ಅಲ್ಲಿಂದ ಮೇಲಕ್ಕೆ ಬರೀ ಮೆಟ್ಟಿಲು. ಒಂದು ಕಡೆ ಗಟಾರ, ಇನ್ನೊಂದು ಕಡೆ ಮನೆಗಳ ಹೊಸ್ತಿಲು. ಏದುಸಿರು ಬಿಡುತ್ತ ಖದಾನ್ ಚಾಳಿಗೆ ಬಂದವರಿಗೆ ಮೊದಲು ಎದುರಾಗುವುದು ಮಲ್ಲವ್ವನ ಮನೆ. ಹಾಗೆ ಎದುರಾದವರು ಯಾರೂ ಬರಿಗೈಯಲ್ಲಿ ಕೆಳಗಿಳಿದ ಉದಾಹರಣೆ ಇಲ್ಲ. ಗ್ಯಾಸ್ ಸಿಲಿಂಡರಿನವನಿಗೆ ರೊಟ್ಟಿ, ಮತದಾರರ ಪಟ್ಟಿ ತಿದ್ದಲು ಬಂದ ಮಾಸ್ತರಿಗೆ ಶೇಂಗಾ ಹೋಳಿಗೆ, ಹೆಣ್ಣುಮಗಳಾದರೆ ಹಣೆಗೆ ಕುಂಕುಮ, ಕೈಗೊಂದು ಕುಬಸದ ಖಣ. ಒಮ್ಮೆ ವಿಮೆ ಮಾರಲು ಬಂದ ಏಜೆಂಟನೊಬ್ಬ ವಿಮೆಯ ಮಾತೇ ಮರೆತು, ಚಟ್ನಿಪುಡಿಯ ಪೊಟ್ಟಣ ಹಿಡಿದು ಇಳಿದುಹೋದ. "ಕಳ್ಳ ಬಂದ್ರೂ ಈಕಿ ಬುತ್ತಿ ಕಟ್ಟಿ ಕಳಸ್ತಾಳ್ರಿ" ಎನ್ನುತ್ತಾನೆ ಗಂಡ ಅಣವೀರಪ್ಪ. ಪವಯಿಯ ಟವರೊಂದರಲ್ಲಿ ವಾಚ್‌ಮನ್ ಆಗಿರುವ ಅವನ ಮಾತನ್ನು ಕಳ್ಳರ ವಿಷಯದಲ್ಲಿ ತೆಗೆದುಹಾಕುವಂತಿಲ್ಲ.

ಮಲ್ಲವ್ವ ಸಿಂದಗಿ ಕಡೆಯವಳು. ಮದುವೆಯಾದ ವರ್ಷವೇ ಗಂಡನ ಹಿಂದೆ ಮುಂಬಯಿಗೆ ಬಂದು, ಉಸುಕಿನ ಪುಟ್ಟಿ ಹೊತ್ತು ಕಟ್ಟಡಗಳನ್ನು ಹತ್ತಿಳಿದವಳು. ಪವಯಿಯಲ್ಲಿ ಈಗ ಗಾಜು ಮಿಂಚುವ ಎಷ್ಟೋ ಬಿಲ್ಡಿಂಗುಗಳ ಒಳಗೆ ಅವಳು ಹೊತ್ತ ಉಸುಕಿದೆ. ಸೊಂಟ ಇನ್ನು ಒಲ್ಲೆ ಎಂದ ಮೇಲೆ ಪುಟ್ಟಿ ಇಳಿಸಿ ಹಂಚು ಇಟ್ಟಳು. ಅವಳ ಖಡಕ್ ರೊಟ್ಟಿ ಗ್ರಾಂಟ್ ರೋಡಿನ ಖಾನಾವಳಿಯವರೆಗೂ ಹೋಗುತ್ತದೆ. ಚಾಳಿನ ಹೆಂಗಸರನ್ನು ಕೂಡಿಸಿ ಕಟ್ಟಿದ ಮಹಿಳಾ ಮಂಡಳಕ್ಕೂ ಅವಳೇ ಅಧ್ಯಕ್ಷೆ. ಆ ಪದವಿಗೆ ಬೇರೆ ಯಾರೂ ನಿಲ್ಲಲಿಲ್ಲ ಅನ್ನುವುದು ನಿಜ, ನಿಂತಿದ್ದರೂ ಗೆಲ್ಲುತ್ತಿರಲಿಲ್ಲ ಅನ್ನುವುದೂ ನಿಜ.

ಚಾಳಿನ ಹಿಂದೆ, ಹಳೆಯ ಕಲ್ಲು ಖದಾನಿನ ಬುಡದಲ್ಲಿ ಒಂದು ಬಾವಿ ಇತ್ತು. ಇತ್ತು ಎನ್ನುವುದಕ್ಕಿಂತ ಅಲ್ಲೊಂದು ಕಸದ ಗುಡ್ಡೆ ಇತ್ತು ಎನ್ನಬೇಕು. ಖದಾನಿನಲ್ಲಿ ಕಲ್ಲು ಒಡೆಯುತ್ತಿದ್ದವರು ತಮ್ಮ ಕುಡಿಯುವ ನೀರಿಗೆಂದು ಕಟ್ಟಿಕೊಂಡ ಬಾವಿ ಅದು, ಒಳಗೆ ಸುತ್ತ ಕರಿಕಲ್ಲಿನ ಗೋಡೆ. ನಳ ಬಂದ ಮೇಲೆ ಬಾವಿ ಯಾರಿಗೆ ಬೇಕು? ಒಡೆದ ಮನೆಗಳ ಇಟ್ಟಿಗೆ-ಗಾರೆಯ ಮಲಬಾ, ಕೆಟ್ಟ ಟಿವಿ, ಹರಿದ ಗಾದಿ ಎಲ್ಲ ಅದರ ಹೊಟ್ಟೆಗೆ ಬಿದ್ದವು. ಆಮೇಲೆ ಚಾಳು ಬೆಳೆಯಿತು, ನಳ ಬೆಳೆಯಲಿಲ್ಲ. ಬೆಳಗಾಗುವ ಮುನ್ನ ಒಂದಿಷ್ಟು ಹೊತ್ತು ಸೊರಗಿ ಹರಿದು ನಿಂತುಬಿಡುವ ನಳಕ್ಕಾಗಿ ಜಗಳ, ಸರದಿ, ಮತ್ತೆ ಜಗಳ. ಹಿಡಿದ ನೀರಿನ ಡ್ರಮ್ಮುಗಳಿಗೆ ಸರಪಳಿ ಹಾಕಿ ಬೀಗ ಜಡಿಯುವುದು ಇಲ್ಲಿ ರೂಢಿ. ಬಂಗಾರ ಇಟ್ಟ ಕಪಾಟಿಗೆ ಇಲ್ಲದ ಬೀಗ ನೀರಿಗಿದೆ.

ಒಂದು ಬೇಸಗೆಯಲ್ಲಿ ಹಿಟ್ಟಿನ ಹೊಟ್ಟು ಚೆಲ್ಲಲು ಹೋದ ಮಲ್ಲವ್ವ ಆ ಗುಡ್ಡೆಯ ಮೇಲಿನ ಮಣ್ಣು ಹಸಿಯಾಗಿರುವುದನ್ನು ಕಂಡಳು. ಸುತ್ತಲಿನ ನೆಲವೆಲ್ಲ ಬಿರುಕು ಬಿಟ್ಟಿತ್ತು. ಮುಟ್ಟಿ ನೋಡಿದಳು, ಮೂಸಿ ನೋಡಿದಳು, ಓಡಿ ಬಂದು ನೆರೆಯ ನೀಲಾವತಿಯ ಕೈಹಿಡಿದು ಎಳೆದೊಯ್ದಳು.

"ಇದು ಸತ್ತಿಲ್ಲ ನೀಲಾ. ನಾವ ಜೀವಂತ ಹುಗದೀವಿ" ಎಂದಳು.

ಮರುದಿನದಿಂದ ಹೆಂಗಸರು ಸೆರಗು ಕಟ್ಟಿ ಇಳಿದರು. ಮನೆಗೆಲಸಕ್ಕೆ ಹೋಗುವವರು ಮುಂಜಾನೆ, ಕೂಲಿಗಾಗಿ ರಸ್ತೆಯ ನಾಕಾದಲ್ಲಿ ನಿಲ್ಲುವವರು ಸಂಜೆ ಬಂದು ಕೈಲಾದಷ್ಟು ಮಲಬಾ ತೆಗೆದರು. ಆಳೆತ್ತರ ಇಳಿಯುವ ಹೊತ್ತಿಗೆ ಗೋಡೆಯ ಕಲ್ಲೊಂದು ಜಾರಿ ನೀಲಾವತಿಯ ಕಾಲ ಮೇಲೆ ಬಿತ್ತು. ವಾರ್ಡ್ ಆಫೀಸಿನ ಎಂಜಿನಿಯರ್ ಬಂದು ನೋಡಿ ತಲೆಯ ಮೇಲೆ ಕೈಹೊತ್ತ. ಕೆಟ್ಟವನಲ್ಲ ಪಾಪ, ಹೆದರಿದವನು. ಯಾರಾದರೂ ಸತ್ತರೆ ಕೊರಳಿಗೆ ಬರುವುದು ಅವನಿಗೇ. ಸರಿಯಾದ ಗುತ್ತಿಗೆದಾರ, ಪಂಪು, ಗೋಡೆಯ ದುರಸ್ತಿ, ಮೇಲೆ ಕಬ್ಬಿಣದ ಜಾಳಿಗೆ, ಇಷ್ಟು ಮಾಡಿಸುವುದಾದರೆ ಪರವಾನಗಿ ಕೊಡುತ್ತೇನೆ, ಮಳೆಗಾಲದೊಳಗೆ ಕೆಲಸ ಶುರುವಾಗದಿದ್ದರೆ ಸ್ಲ್ಯಾಬ್ ಹಾಕಿ ಮುಚ್ಚಿಸುತ್ತೇನೆ ಎಂದ. ಹಾಗೆ ಹೇಳಿ, ಮಲ್ಲವ್ವ ಕಟ್ಟಿಕೊಟ್ಟ ರೊಟ್ಟಿ ಹಿಡಿದುಕೊಂಡು ಹೋದ.

ಅಷ್ಟು ದುಡ್ಡು ಚಾಳಿನವರ ಕನಸಿನಲ್ಲೂ ಇರಲಿಲ್ಲ. ದಾರಿ ತೋರಿಸಿದವಳು ಸೊಸೆ ಶಿವಕುಮಾರಿ. ಧಾರವಾಡದ ಹುಡುಗಿ, ಬಾಂದ್ರಾದ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಾಳೆ. ದೊಡ್ಡ ಕಂಪನಿಗಳು ಲಾಭದಲ್ಲಿ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕೆಂಬ ಕಾಯ್ದೆ ಇದೆ, ನಮ್ಮ ಮಂಡಳವೂ ರಿಜಿಸ್ಟರ್ ಆಗಿದೆ, ಕೇಳಿದರೆ ತಪ್ಪೇನು ಎಂದಳು. ಅಂದಿನಿಂದ ಅರ್ಜಿ ಸೊಸೆಯದು, ಕಾಲು ಅತ್ತೆಯದು. ಅತ್ತೆ-ಸೊಸೆ ಕೂಡಿ ಊರು ಸುತ್ತುತ್ತಾರೆಂದು ಚಾಳಿನಲ್ಲಿ ಮೊದಲು ನಕ್ಕರು. ಇಬ್ಬರೂ ಮಾತಾಡಿಕೊಂಡೇ ಹೋಗಿ ಮಾತಾಡಿಕೊಂಡೇ ಬರುವುದನ್ನು ನೋಡಿ ಹೊಟ್ಟೆಕಿಚ್ಚುಪಟ್ಟರು.

ಹತ್ತಿದ ಲೋಕಲ್ಲುಗಳೆಷ್ಟೋ, ತುಳಿದ ಮೆತ್ತನೆಯ ಕಾರ್ಪೆಟ್ಟುಗಳೆಷ್ಟೋ. ಒಂದು ಕಂಪನಿಗೆ ಗಿಡ ನೆಡುವುದಷ್ಟೇ ಬೇಕಿತ್ತು, ಬಾವಿಯಲ್ಲಿ ಗಿಡ ನೆಡಲಾಗುವುದಿಲ್ಲವಲ್ಲ. ಇನ್ನೊಂದು ಕಂಪನಿಯವರು ಬಾವಿಯ ಒಳಗೋಡೆಗೂ ತಮ್ಮ ಬಿಸ್ಕೀಟಿನ ಬಣ್ಣ ಬಳಿಯಬೇಕೆಂದರು. ಮತ್ತೊಬ್ಬರು, ಬಾವಿ ನೋಡಿ ಅಳುತ್ತಿರುವ ಹೆಂಗಸರ ಫೋಟೋ ಇದೆಯೇ ಎಂದು ಕೇಳಿದರು. "ಅಳಾಕ ಯಾರಿಗಿ ಪುರಸೊತ್ತೈತ್ರಿ? ಮಲಬಾ ತಗಿಯಾಕತ್ತಿದ್ವಿ" ಎಂದಳು ಮಲ್ಲವ್ವ. ಸೊಸೆ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಬಹಳ ಮೃದುವಾಗಿ ತಿರುಗಿಸಿದಳು.

ಹೋದಲ್ಲೆಲ್ಲ ಮಲ್ಲವ್ವನ ಕೈಯಲ್ಲಿ ರೊಟ್ಟಿಯ ಗಂಟು ಇರುತ್ತಿತ್ತು. ಸಾಹೇಬರವರೆಗೆ ಅದು ಮುಟ್ಟುತ್ತಿರಲಿಲ್ಲ, ಗೇಟಿನ ಸೆಕ್ಯುರಿಟಿಯವರೇ ಹಂಚಿಕೊಂಡು ತಿನ್ನುತ್ತಿದ್ದರು. ಅವರಲ್ಲಿ ಇಂಡಿ ಕಡೆಯವನೊಬ್ಬ ಹೇಳಿದ, ಪಕ್ಕದ ಕಟ್ಟಡದಲ್ಲಿ ಪಂಪು ತಯಾರಿಸುವ ಕಂಪನಿ ಇದೆ, ನೀರಿನ ಕೆಲಸವೆಂದರೆ ಅವರು ಕೇಳಿಸಿಕೊಳ್ಳುತ್ತಾರೆ, ಸ್ನೇಹಲ್ ಮ್ಯಾಡಮ್ಮನ್ನು ಕಾಣಿರಿ.

ಸ್ನೇಹಲ್ ಮೂವತ್ತರ ಆಚೀಚೆಯ ಮರಾಠಿ ಹುಡುಗಿ. ಅವಳು ಕೇಳಿಸಿಕೊಂಡಳು. ಇಷ್ಟು ದಿನ ಕೇಳಿದವರೆಲ್ಲ ಗಡಿಯಾರ ನೋಡುತ್ತ ಕೇಳಿದ್ದರು, ಇವಳು ಬಾವಿಯ ಫೋಟೋ ನೋಡುತ್ತ ಕೇಳಿದಳು. ಅರ್ಜಿಯ ತಪ್ಪುಗಳನ್ನು ತಾನೇ ಗುರುತು ಹಾಕಿ ತಿದ್ದಿಸಿದಳು. ಒಂದು ಶನಿವಾರ ಸ್ಥಳ ನೋಡಲು ಚಾಳಿಗೆ ಬಂದಳು. ಮೆಟ್ಟಿಲೇರಿ, ಬಾವಿಯ ಅಂಚಿಗೆ ಮಂಡಿಯೂರಿ ಕೂತು ಒಳಗೆ ಇಣುಕಿದಳು. ನೀಲಾವತಿಯ ಕಾಲಿನ ಗಾಯದ ಗುರುತು ನೋಡಿದಳು. ಮುಂದಿನ ಮೀಟಿಂಗಿನಲ್ಲಿ ಪಾಸಾಗಬಹುದು, ನನಗೆ ಭರವಸೆ ಇದೆ ಎಂದು ಹಿಂದಿಯಲ್ಲಿ ಹೇಳಿದಳು.

ಇನ್ನೇನು ಹೊರಡಬೇಕು, ಮಲ್ಲವ್ವ ಅವಳ ಕೊರಳಿನ ಕರಿಮಣಿ ನೋಡಿದಳು. "ನಿಂದ್ರವ್ವ" ಎಂದು ಒಳಗೆ ಕರೆದು ಮಣೆ ಹಾಕಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಬೇರು, ಎಲೆ ಅಡಿಕೆ, ಇಳಕಲ್ ಖಣ, ಮೇಲೊಂದು ರೂಪಾಯಿ ನಾಣ್ಯ. ಮನೆಗೆ ಬಂದ ಮುತ್ತೈದೆಯನ್ನು ಉಡಿ ತುಂಬಿ ಕಳಿಸುವುದು ಅವಳಿಗೆ ಉಸಿರಾಡಿದಷ್ಟೇ ಸಹಜ. ಸ್ನೇಹಲ್‌ಗೆ ವಿವರಿಸಬೇಕಾಗಲಿಲ್ಲ. ಮರಾಠಿಯವರಲ್ಲೂ ಇದೇ ಪದ್ಧತಿ, ಓಟಿ ಎನ್ನುತ್ತಾರೆ. ಅವಳ ಕೈಗಳು ತಾವಾಗಿಯೇ ಓಢಣಿಯನ್ನು ಹಿಡಿದು ಚಾಚಿದವು. "ಆಯಿ ಹೋದ ಮೇಲೆ ಯಾರೂ ತುಂಬಿರಲಿಲ್ಲ, ಮಾವ್ಶಿ" ಎಂದು ಮರಾಠಿಯಲ್ಲಿ ಹೇಳಿ ಕಣ್ಣು ಒರೆಸಿಕೊಂಡಳು. ಮಲ್ಲವ್ವನೂ ಕಣ್ಣು ಒರೆಸಿಕೊಂಡಳು. ಬಾಗಿಲಲ್ಲಿ ನಿಂತ ಹೆಂಗಸರೆಲ್ಲ ಒರೆಸಿಕೊಂಡರು.

ಬೆಣ್ಣೆ ಬರುವ ಹೊತ್ತಿಗೆ ಗಡಿಗೆ ಒಡೆಯಿತು. ಮುಂದಿನ ವಾರ ಶಿವಕುಮಾರಿ ಆಫೀಸಿನಿಂದ ಬಂದವಳು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು.

"ಅತ್ತೀ, ನಮ್ಮ ಅರ್ಜಿ ತಡದಾರ."

"ಯಾಕ?"

"ಉಡಿ ತುಂಬಿದ್ದಕ್ಕ."

ಮಲ್ಲವ್ವನಿಗೆ ತಲೆಬುಡ ತಿಳಿಯಲಿಲ್ಲ. ಕಂಪನಿಯಿಂದ ಬಂದ ಮೇಲ್ ನೋಡಿ ಸೊಸೆ ಬಿಡಿಸಿ ಹೇಳಿದಳು. ದುಡ್ಡು ಕೇಳಿದವರಿಂದ ಕಂಪನಿಯ ಜನ ಏನನ್ನೂ ತೆಗೆದುಕೊಳ್ಳುವಂತಿಲ್ಲ, ಅದು ಲಂಚದ ಲೆಕ್ಕ. ಸ್ನೇಹಲ್ ತಾನೇ ಹೋಗಿ ಹೀಗೆ ಹೀಗೆ ಆಯಿತೆಂದು ಮೇಲಿನವರಿಗೆ ತಿಳಿಸಿದ್ದಾಳೆ. ಬಟ್ಟೆ, ಅಕ್ಕಿಯನ್ನು ಹೇಗೋ ನುಂಗಿಕೊಳ್ಳುತ್ತಿದ್ದರೇನೋ, ಆದರೆ ಅದರಲ್ಲಿ ನಾಣ್ಯವಿತ್ತು. ನಗದು ಎಂದರೆ ನಗದು, ಒಂದು ರೂಪಾಯಿಯಾದರೇನು? ಸ್ನೇಹಲ್‌ಳನ್ನು ಈ ಕೆಲಸದಿಂದ ತೆಗೆದು ವಿಚಾರಣೆ ಇಟ್ಟಿದ್ದಾರೆ. ಮಂಡಳದವರು ಕೊಟ್ಟದ್ದೆಲ್ಲ ವಾಪಸು ತೆಗೆದುಕೊಂಡು, ಪ್ರಭಾವ ಬೀರಲು ಹೀಗೆ ಕೊಟ್ಟಿದ್ದು ತಪ್ಪಾಯಿತು ಎಂದು ಬರೆದುಕೊಟ್ಟರೆ ಅರ್ಜಿ ಮುಂದೆ ಹೋಗುತ್ತದೆ.

"ಮತ್ತ ಆ ಹುಡುಗಿ?"

"ನಾವು ಹಂಗ ಬರದು ಕೊಟ್ರ, ಆಕಿ ಲಂಚ ತಗೊಂಡಾಳಂತ ಆಗತೈತಲ್ರಿ ಅತ್ತಿ. ನೌಕರಿ ಉಳಿಯೂದು ಕಷ್ಟ."

ಮಂಡಳದ ಹೆಂಗಸರು ಮಲ್ಲವ್ವನ ಮನೆಯ ಮುಂದೆ ಕೂಡಿದರು. ಬಾವಿ ಎಲ್ಲರದು, ತಾನೊಬ್ಬಳೇ ತೀರ್ಮಾನ ಮಾಡುವುದು ನ್ಯಾಯವಲ್ಲವೆಂದು ಮಲ್ಲವ್ವನೇ ಕರೆದಿದ್ದಳು. ಏಪ್ರಿಲ್ ಮುಗಿಯುತ್ತ ಬಂದಿತ್ತು. ಮಳೆಗಾಲಕ್ಕೆ ಹೆಚ್ಚು ದಿನ ಇರಲಿಲ್ಲ. ಸ್ಲ್ಯಾಬಿಗೆಂದು ವಾರ್ಡಿನವರು ಆಗಲೇ ಕಬ್ಬಿಣದ ಸರಳು ತಂದು ಬಾವಿಯ ಪಕ್ಕ ಒಟ್ಟಿದ್ದರು.

ಮೊದಲು ಬಾಯಿ ತೆಗೆದವಳು ನೀಲಾವತಿ. "ಒಂದು ಹಾಳಿ ತಾನ? ತಪ್ಪಾತು ಅಂತ ಬರದು ಸಹಿ ಹಾಕು. ಬಾಯಿಲೆ ಅನ್ನಾಕ ಏನು ಖರ್ಚೈತಿ? ದಿನಾ ನಾಲ್ಕು ಸರ್ತಿ ತಪ್ಪಾತು ಅಂತೀನಿ ನಾನು, ಕೆಲಸದ ಮನಿ ಮಾಲಕಿ ಮುಂದ."

"ಹಂಗಲ್ಲ ನೀಲಾ. ತುಂಬಿದ ಉಡಿ ಹಿಂದಕ್ಕ ಇಸಗೊಬೇಕಂತ. ನಿನ್ನ ಉಡಿ ನಿಮ್ಮವ್ವ ಹಿಂದಕ್ಕ ಕೇಳಿದ್ಲಂದ್ರ ಹ್ಯಾಂಗ ಆಗತಿತ್ತು?"

"ಆಕಿ ನಮಗ ಏನಾಗಬೇಕು ಅಕ್ಕಾ? ಆಫೀಸಿನಾಕಿ. ಇವತ್ತಿಲ್ಲಂದ್ರ ನಾಳೆ ಬ್ಯಾರೆ ಆಫೀಸು ಸಿಗತೈತಿ. ನನಗ ಬ್ಯಾರೆ ಬಾವಿ ಸಿಗತೈತೇನು? ಕಾಲು ನಂದು ಜಜ್ಜೇತಿ, ನಿಂದಲ್ಲ."

ಈ ಮಾತು ಸರಿಯಾಗಿ ನಾಟಿತು. ನೀಲಾವತಿಯ ಸಿಟ್ಟಿನಲ್ಲಿ ಸುಳ್ಳೇನೂ ಇರಲಿಲ್ಲ, ಅದು ಮಲ್ಲವ್ವನಿಗೂ ಗೊತ್ತಿತ್ತು. ಬಾವಿಗಾಗಿ ಎಲ್ಲರಿಗಿಂತ ಹೆಚ್ಚು ಮಣ್ಣು ಹೊತ್ತವಳು, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನು ತೊಳೆಯಲು ದಿನವೂ ನೀರಿಗಾಗಿ ಹೊಡೆದಾಡುವವಳು ಅವಳೇ.

"ನೀ ಅಂದದ್ದು ಖರೇ" ಎಂದಳು ಮಲ್ಲವ್ವ. "ಬಾವಿ ನಮಗ ಬೇಕು. ಆದ್ರ ನಾ ಆಕಿನ್ನ ಮಣಿ ಮ್ಯಾಲ ಕುಂದರಿಸಿ ಉಡಿ ತುಂಬೀನಿ. ಉಡಿ ತುಂಬಿಸಿಕೊಂಡಾಕಿ ಈ ಮನಿ ಮಗಳು. ಮಗಳ ಬಾಳ್ವಿ ಕೆಡಿಸಿ ಬಾವಿ ಕಟ್ಟಿದ್ವಿ ಅಂದ್ರ ಆ ನೀರು ಯಾರ ಗಂಟಲದಾಗ ಇಳೀತೈತಿ? ನನ್ನ ಗಂಟಲದಾಗ ಇಳಿಯಂಗಿಲ್ಲ. ಅರ್ಜಿನ ಹಿಂದಕ್ಕ ತಗೊಂಡು ಬರ್ತೀನಿ. ನೀವು ಬ್ಯಾಡ ಅಂದ್ರ ಹೋಗಂಗಿಲ್ಲ. ಆದ್ರ ಆ ಕಾಗದಕ್ಕ ಸಹಿ ಮಾಡಾಕ ಬ್ಯಾರೆ ಅಧ್ಯಕ್ಷರನ್ನ ನೋಡ್ರಿ."

ನಳದ ಸರದಿಯಲ್ಲಿ ಒಬ್ಬರ ಜುಟ್ಟು ಒಬ್ಬರು ಹಿಡಿಯುವ ಈ ಹೆಂಗಸರು, ಬೇರೆ ಯಾರದೋ ಮಗಳಿಗಾಗಿ ತಮ್ಮ ಬಾವಿ ಬಿಟ್ಟುಕೊಡುವ ಮಾತಿಗೆ ಬೇಡ ಎನ್ನಲಾರದೆ ಕುಳಿತರು. ನೀಲಾವತಿ ಎದ್ದು ಸೀರೆ ಕೊಡವಿಕೊಂಡು, "ಹೋಗಿ ಬಾ ಹೋಗು. ನಾ ಏನರ ಬ್ಯಾಡ ಅಂದ್ನೇನು?" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಪಂಪಿನ ಕಂಪನಿಯ ಆಫೀಸಿನಲ್ಲಿ ಇವರನ್ನು ಕೂರಿಸಿ ಮಾತಾಡಿದವನು ಹಿತೇಶ್. ಕಂಪನಿಯ ಜನ ನಿಯಮ ತಪ್ಪದ ಹಾಗೆ ನೋಡಿಕೊಳ್ಳುವ ಅಧಿಕಾರಿ, ತಲೆಯಲ್ಲಿ ಅರ್ಧ ಕೂದಲು, ಮಾತಿನಲ್ಲಿ ಪೂರ್ತಿ ಮರ್ಯಾದೆ. ಅವನು ಹಿಂದಿಯಲ್ಲಿ ಹೇಳುವುದು ಮಲ್ಲವ್ವನಿಗೆ ತಿಳಿಯುತ್ತಿತ್ತು, ಆದರೆ ಉತ್ತರವನ್ನು ಅವಳು ಕನ್ನಡದಲ್ಲೇ ಕೊಟ್ಟಳು. ಇಂಥ ಮಾತು ಬಾಡಿಗೆಯ ಭಾಷೆಯಲ್ಲಿ ಆಡುವಂಥದ್ದಲ್ಲ. ಶಿವಕುಮಾರಿ ನಡುವೆ ಕೂತು ಹೇಳಿ ತಿಳಿಸಿದಳು.

ಈ ನಿಯಮ ಬಡವರಿಗಾಗಿಯೇ ಇರುವುದು ಎಂದ ಹಿತೇಶ್. ಇಲ್ಲದಿದ್ದರೆ ಸಹಾಯ ಕೇಳಲು ಬಂದವರೆಲ್ಲ ಮೊದಲು ಕೈ ಬೆಚ್ಚಗೆ ಮಾಡಬೇಕಾಗುತ್ತದೆ.

"ಛಲೋ ಕಾನೂನು ಐತ್ರಿ ನಿಮ್ದು" ಎಂದಳು ಮಲ್ಲವ್ವ. ಬೈಯಲು ಬಂದಿದ್ದಾಳೆಂದು ಎಣಿಸಿದ್ದ ಅವನು ಕನ್ನಡಕ ಸರಿಮಾಡಿಕೊಂಡ. "ನಾ ಉಸುಕು ಹೊರೂವಾಗ ಈ ಕಾನೂನು ಇರಬೇಕಾಗಿತ್ತು. ಕೂಲಿ ನಾಕಾದಾಗ ಮುಕಾದಮ ಮದಲ ಕೈ ಒಡ್ಡತಿದ್ದ, ಆಮ್ಯಾಲ ಕೆಲಸ ಕೊಡತಿದ್ದ. ಅದು ಲಂಚ. ನಾ ಕೊಟ್ಟೀನಿ, ತಪ್ಪಾತು ಅಂತ ಬೇಕಾದ್ರ ಅದನ್ನ ಬರದು ಕೊಡತೀನಿ. ಅಂವಗ ಕೊಡೂವಾಗ ನನ್ನ ಕೈ ನಡಗತಿತ್ರಿ ಸಾಹೇಬ್ರ. ಈ ಹುಡುಗಿಗೆ ಉಡಿ ತುಂಬೂವಾಗ ನಡಗಲಿಲ್ಲ. ಎರಡೂ ಸರ್ತಿ ಕೈ ನಂದ. ನನಗ ಗೊತ್ತಾಗಂಗಿಲ್ಲೇನು?"

ಶಿವಕುಮಾರಿ ಇದನ್ನು ಹಿಂದಿಗೆ ತಿರುಗಿಸುವಾಗ ಒಂದು ಕಡೆ ತಡವರಿಸಿದಳು. ಹಿತೇಶ್ ಕೇಳಿಸಿಕೊಂಡು ಪೆನ್ನು ಕೆಳಗಿಟ್ಟ. "ನಂಬುತ್ತೇನೆ ಅಮ್ಮ. ಆದರೆ ಕೈ ನಡುಗಲಿಲ್ಲ ಅನ್ನುವುದನ್ನು ನಾನು ಫೈಲಿನಲ್ಲಿ ಹೇಗೆ ಬರೆಯಲಿ?"

"ಬರಿಯಾಕ ಹೋಗಬ್ಯಾಡ್ರಿ. ನಮ್ಮ ಅರ್ಜಿ ನಮಗ ವಾಪಸ್ ಕೊಡ್ರಿ. ನಾವು ಏನೂ ಬೇಡಿಲ್ಲ ಅಂದ ಮ್ಯಾಲ ಅದು ಲಂಚ ಯಾತಕ್ಕ ಆಗತೈತಿ? ಒಬ್ಬ ಮುದುಕಿ ಒಬ್ಬ ಮಗಳಿಗೆ ಉಡಿ ತುಂಬಿದ್ಲು, ಮುಗೀತು. ಬಾವಿಗೆ ನಿಮ್ಮ ರೊಕ್ಕ ಬ್ಯಾಡ. ಆಕಿ ಹೆಸರಿಗೆ ಮಸಿ ಹತ್ತಬಾರದು."

ಅರ್ಜಿ ಹಿಂತೆಗೆದುಕೊಂಡರೆ ಈ ವರ್ಷದ ಬಾವಿ ಹೋಯಿತು, ತಿಳಿದು ಹೇಳುತ್ತಿದ್ದೀರಾ ಎಂದು ಅವನು ಎರಡು ಸಲ ಕೇಳಿದ. ಎರಡು ಸಲವೂ ಮಲ್ಲವ್ವ ಹೌದೆಂದಳು. ಶಿವಕುಮಾರಿ ಬರೆದ ನಾಲ್ಕು ಸಾಲಿನ ಕೆಳಗೆ, ಮಂಡಳ ಕಟ್ಟುವಾಗ ಕಲಿತ ದುಂಡಗಿನ ಅಕ್ಷರದಲ್ಲಿ ತನ್ನ ಹೆಸರು ಬರೆದಳು. ಹೊರಗೆ ಬಂದು ಲಿಫ್ಟಿನಲ್ಲಿ ಇಳಿಯುವಾಗ ಸೊಸೆ ಅತ್ತೆಯ ಕೈ ಹಿಡಿದುಕೊಂಡಳು. ಈ ಹೆಂಗಸಿನ ಸೊಸೆಯಾಗಿದ್ದಕ್ಕೆ ಅವಳಿಗೆ ಆ ಹೊತ್ತು ಎದೆಯುಬ್ಬಿ ಬಂದಿತ್ತು, ಆದರೆ ಮನೆಯಲ್ಲಿ ಹೀಗೆಲ್ಲ ಹೇಳುವ ರೂಢಿ ಇರಲಿಲ್ಲ, ಅದಕ್ಕೆ ಕೈ ಹಿಡಿದುಕೊಂಡಳು.

ಹತ್ತು ಹನ್ನೆರಡು ದಿನ ಕಳೆದು ಹಿತೇಶನ ಫೋನು ಬಂತು. ಸ್ನೇಹಲ್ ಮೇಲಿನ ವಿಚಾರಣೆ ಮುಗಿಸಿದ್ದೇವೆ, ಅರ್ಜಿಯೇ ಇಲ್ಲವಾದ್ದರಿಂದ ತಪ್ಪೂ ಇಲ್ಲ ಎಂದ. ಮಲ್ಲವ್ವ ದೇವರ ಗೂಡಿನ ಕಡೆ ತಿರುಗಿ ಕೈಮುಗಿದಳು. ಆದರೆ ಅವನ ಮಾತು ಮುಗಿದಿರಲಿಲ್ಲ. ಅರ್ಜಿ ಹಿಂತೆಗೆದುಕೊಂಡವರು ಹೊಸದಾಗಿ ಅರ್ಜಿ ಹಾಕಬಾರದೆಂಬ ನಿಯಮ ನಮ್ಮಲ್ಲಿಲ್ಲ, ಹುಡುಕಿ ನೋಡಿದೆ, ಎಂದ. ಸ್ನೇಹಲ್ ಇದರಲ್ಲಿ ಇರುವುದಿಲ್ಲ. ಗುರುತಿಲ್ಲದವರ ಅರ್ಜಿ ನೋಡಿದ ಹಾಗೆ ನೋಡುತ್ತೇವೆ, ಭರವಸೆ ಕೊಡಲಾರೆ. ಸ್ಥಳ ನೋಡಲು ನಾನೇ ಬರುತ್ತೇನೆ. "ಒಂದೇ ಮಾತು ಅಮ್ಮ. ನನಗೆ ಏನೂ ಕೊಡಬಾರದು. ಒಂದು ಎಲೆ ಅಡಿಕೆಯನ್ನೂ."

"ಆತ್ರಿ" ಎಂದಳು ಮಲ್ಲವ್ವ. ಫೋನಿನಲ್ಲಿ ಹೇಳುವುದು ಸುಲಭವಾಗಿತ್ತು.

ಅವನು ಬರುವ ದಿನ ಚಾಳಿನಲ್ಲಿ ಒಂದು ತರಹದ ಸೂತಕ. ರೊಟ್ಟಿಯ ವಾಸನೆ ಬಂದೀತೆಂದು ಮಲ್ಲವ್ವ ಒಲೆಯನ್ನೇ ಹಚ್ಚಲಿಲ್ಲ. ತನ್ನ ಕೈಯ ಮೇಲೆ ತನಗೇ ನಂಬಿಕೆ ಸಾಲದೆ, ಹೋಳಿಗೆ ಚಟ್ನಿ ಇಡುವ ಕಪಾಟಿಗೆ ಬೀಗ ಹಾಕಿ ಕೀಲಿಯನ್ನು ನೀಲಾವತಿಗೆ ಕೊಟ್ಟಳು. ನೀಲಾವತಿ ಅದನ್ನು ಕುಬಸದೊಳಗೆ ಸಿಕ್ಕಿಸಿಕೊಂಡು, "ನೀ ಸತ್ತೇನಂದ್ರೂ ಕೊಡಂಗಿಲ್ಲ" ಎಂದಳು.

ಮೇ ತಿಂಗಳ ಮಟಮಟ ಮಧ್ಯಾಹ್ನ. ಹಿತೇಶ್ ನಿಯಮದ ಮನುಷ್ಯ, ತನ್ನ ನೀರಿನ ಬಾಟಲಿ ತಾನೇ ತಂದಿದ್ದ. ಗುಡ್ಡದ ಅರ್ಧಕ್ಕೆ ಬರುವಷ್ಟರಲ್ಲಿ ಅದು ಖಾಲಿಯಾಗಿತ್ತು. ಮೇಲೆ ಬಂದಾಗ ಅವನ ಮುಖ ಕೆಂಪಗೆ, ಅಂಗಿ ಬೆನ್ನಿಗೆ ಅಂಟಿ, ಮಾತು ಹೊರಡದಂತಾಗಿತ್ತು. ಹೆಂಗಸರು ಸಾಲಾಗಿ ಕೈಕಟ್ಟಿ ನಿಂತಿದ್ದರು. ಬನ್ನಿ ಎಂದರು, ಬಾವಿ ತೋರಿಸಿದರು, ಕೇಳಿದ್ದಕ್ಕೆ ಉತ್ತರ ಹೇಳಿದರು. ಬಿಸಿಲಲ್ಲಿ ಬಂದವನಿಗೆ ಒಂದು ಬೆಲ್ಲದ ತುಣುಕು, ಒಂದು ತಂಬಿಗೆ ನೀರು ಕೊಡದ ಮನೆ ಅವರಲ್ಲಿ ಒಬ್ಬರದೂ ಇರಲಿಲ್ಲ. ಆದರೂ ಯಾರೊಬ್ಬರೂ ಅಲುಗಲಿಲ್ಲ. ಮಲ್ಲವ್ವ ಬಲಗೈಯನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದು ಸೆರಗಿನಡಿ ಮುಚ್ಚಿಕೊಂಡಿದ್ದಳು.

ಕೊನೆಗೆ ಅವನೇ ಕೇಳಿದ. "ಥೋಡಾ ಪಾನಿ ಮಿಲೇಗಾ?"

ಮಲ್ಲವ್ವ ಸೊಸೆಯ ಮುಖ ನೋಡಿದಳು. "ನೀರು ಕೊಡಬಹುದೇನ, ಕೇಳ. ಆಮ್ಯಾಲ ಇದೂ ಲಂಚ ಆಗಬಾರದು."

ಸೊಸೆ ಕೇಳಿದಳು. ಅವನು ನಗಲು ಹೋದ, ಅವರ ಮುಖಗಳನ್ನು ನೋಡಿ ನಗಲಿಲ್ಲ. ಅವರು ನಿಜವಾಗಿಯೂ ಕೇಳುತ್ತಿದ್ದರು. ನೀರು ಕುಡಿಯಬಹುದು ಎಂದ. ನೀಲಾವತಿ ತನ್ನ ಬಾಗಿಲ ಮುಂದಿನ ಡ್ರಮ್ಮಿನ ಸರಪಳಿ ಸಡಿಲಿಸಿ, ಬೀಗ ತೆಗೆದು, ತಂಬಿಗೆ ಅದ್ದಿ ತಂದುಕೊಟ್ಟು, ಮತ್ತೆ ಬೀಗ ಹಾಕಿದಳು. ಅವನು ಅದನ್ನು ನೋಡುತ್ತಲೇ ಕುಡಿದ. ಅರ್ಧಕ್ಕೆ ನಿಲ್ಲಿಸಿ, ಉಳಿದದ್ದನ್ನು ಚೆಲ್ಲುವ ಹಾಗಿಲ್ಲ ಎಂದು ತಿಳಿದು, ಪೂರ್ತಿ ಮುಗಿಸಿದ. ಇದು ಯಾವಾಗ ಹಿಡಿದ ನೀರು ಎಂದು ಕೇಳಿದ. ನಿನ್ನೆ ಬೆಳಗಿನದು, ಇವತ್ತು ನಳ ಬರಲಿಲ್ಲ ಎಂದಳು ನೀಲಾವತಿ.

ಅವನು ಹೊರಟ. ಎಲ್ಲರಿಗೂ ಕೈಮುಗಿದು ಮೆಟ್ಟಿಲಿಳಿದ. ಖಾಲಿ ಬಾಟಲಿ, ಖಾಲಿ ಕೈ. ಅವನ ತಲೆ ತಿರುವಿನಲ್ಲಿ ಮರೆಯಾಗುವವರೆಗೂ ಮಲ್ಲವ್ವ ನಿಂತಿದ್ದಳು. ಆಮೇಲೆ ಒಳಗೆ ಹೋಗಿ, ಹಚ್ಚದ ಒಲೆಯ ಮುಂದೆ ಕುಕ್ಕರಿಸಿ, ಗೊಳೋ ಎಂದು ಅತ್ತಳು. ಬಾವಿ ಕೈಬಿಟ್ಟು ಬಂದ ದಿನ ಅಳದವಳು, ಸೊಂಟ ಮುರಿದು ಪುಟ್ಟಿ ಇಳಿಸಿದ ದಿನವೂ ಅಳದವಳು.

"ಮನಿಗೆ ಬಂದಾಂವನ್ನ ಬರಿಗೈಲೆ ಕಳಿಸಿದ್ನೆಲ್ರೀ" ಎಂದಳು ಗಂಡನಿಗೆ.

ಅಣವೀರಪ್ಪ ರಾತ್ರಿ ಪಾಳಿ ಮುಗಿಸಿ ಮಲಗಿದ್ದವನು ಎದ್ದು ಕುಳಿತ. ಹೆಂಡತಿಯ ಕೊಡುಗೈಯನ್ನು ಜೀವಮಾನವಿಡೀ ಆಡಿಕೊಂಡು ಬಂದವನಿಗೆ ಈಗ ಆಡಿಕೊಳ್ಳಲು ಏನೂ ತೋಚಲಿಲ್ಲ. "ನೀ ಕೊಟ್ಟದ್ದ ನೋಡೀನಿ ಇಷ್ಟು ದಿನ. ಇವತ್ತು ಕೊಡದ ತಡಕೊಂಡಿಯಲ್ಲ, ಅದು ದೊಡ್ಡದು ಬಿಡು" ಎಂದು, ತಾನೇ ಎದ್ದು ಒಲೆ ಹಚ್ಚಿ ಚಹಾಕ್ಕಿಟ್ಟ. ಅವನು ಚಹಾ ಮಾಡಿದ್ದು ಅದೇ ಮೊದಲು. ಸಕ್ಕರೆ ಮರೆತಿದ್ದ. ಅವಳು ಅಳುತ್ತಲೇ ಕುಡಿದಳು.

ಮೇ ಕೊನೆಯ ವಾರದಲ್ಲಿ ಮೇಲ್ ಬಂತು. ಶಿವಕುಮಾರಿ ಚಾಳಿನ ನಡುವೆ ನಿಂತು ಓದಿದಳು. ಕಂಪನಿ ಪೂರ್ತಿ ಖರ್ಚು ಕೊಡುತ್ತದೆ, ಪಂಪನ್ನೂ ಕೊಡುತ್ತದೆ, ಬಾವಿಯ ಪಕ್ಕ ಕಂಪನಿಯ ಹೆಸರಿನ ಒಂದು ಬೋರ್ಡು ಇರಬೇಕು, ಕೆಲಸ ಕೂಡಲೇ ಶುರು. ಕಿರುಚಾಟದಲ್ಲಿ ಮುಂದಿನದು ಯಾರಿಗೂ ಕೇಳಿಸಲಿಲ್ಲ. ನೀಲಾವತಿ ಜಜ್ಜಿದ ಕಾಲಿನಲ್ಲೇ ಗಿರಗಿರನೆ ತಿರುಗಿ ಫುಗಡಿ ಹಾಕಿದಳು, ಕುಬಸದಿಂದ ಕೀಲಿ ಬಿದ್ದು ಟಣ್ಣೆಂದಿತು. ಅಷ್ಟು ದಿನ ಅದನ್ನು ಅವಳು ಕೊಟ್ಟೇ ಇರಲಿಲ್ಲ.

ಆ ಗದ್ದಲದ ನಡುವೆಯೇ ವಾರ್ಡ್ ಆಫೀಸಿನ ಮನುಷ್ಯನೊಬ್ಬ ಅಳತೆಯ ಟೇಪು ಹಿಡಿದು ಮೆಟ್ಟಿಲು ಹತ್ತಿ ಬಂದ. ಸ್ಲ್ಯಾಬಿಗೆ ಬಾವಿಯ ಅಳತೆ ತೆಗೆಯಲು ಅವನನ್ನು ಕಳಿಸಿದ್ದರು, ಸುದ್ದಿ ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ಮಲ್ಲವ್ವ ಅವನ ತೋಳು ಹಿಡಿದು ಕೂರಿಸಿ, ಎಣ್ಣೆಗಾಯಿ ಬದನೆಕಾಯಿಯ ಜೊತೆ ರೊಟ್ಟಿ ಹಾಕಿ, ತೇಗುವವರೆಗೆ ಬಡಿಸಿದಳು. ಏಳುವಾಗ ಅವನ ಕೈಗೆ ಒಂದು ಬುತ್ತಿ ಕೊಟ್ಟಳು. ಆಮೇಲೆ ಅದರ ಮೇಲೆ ಇನ್ನೊಂದು ಇಟ್ಟಳು.

"ಎರಡ್ಯಾಕ್ರಿ ಬಾಯಿ?" ಎಂದ ಅವನು.

"ಒಬ್ಬರದು ಕೊಡೂದು ಉಳಿದಿತ್ತಪಾ. ಅವರು ತಗೊಳ್ಳಂಗಿಲ್ಲ, ಕಾನೂನು ಅಡ್ಡ ಬರತೈತಿ. ಅವರ ಪಾಲು ನೀ ಉಣ್ಣು."

ಟೇಪು ಜೇಬಿಗೆ ಹಾಕಿಕೊಂಡು, ಎರಡೂ ಕೈಯಲ್ಲಿ ಬುತ್ತಿ ಹಿಡಿದು, ಅವನು ಬಾವಿಯ ಕಡೆ ಹೋಗದೆ ಹಾಗೆಯೇ ಕೆಳಗಿಳಿದ.